ಅಪ್‌ಡೇಟ್: ಈಜು ಕನ್ನಡಕಕ್ಕೆ ಮಂಜು ಕವಿಯುವುದು ನಿಂತಿದೆ

ಮಗಳು ಕೊಳಕ್ಕಿಳಿದು ಒಂದು ಸುತ್ತು ಮುಗಿಸುವಷ್ಟರಲ್ಲಿ ಈಜು ಕನ್ನಡಕ ಮಸುಕಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೈಹಿಡಿದದ್ದು ಮಕ್ಕಳ ಶಾಂಪೂ. ಮಸೂರದ ಒಳಮೈಗೆ ಒಂದು ಹನಿ ಬಿಟ್ಟು, ನೀರು ಸೇರಿಸಿ ಅಲುಗಿಸಿ, ಬೆರಳು ತಾಗಿಸದೆ ತಿಳಿನೀರಿನಲ್ಲಿ ತೊಳೆಯುತ್ತೇವೆ. ತೇವ ಕೂರುವುದು ತಪ್ಪುವುದಿಲ್ಲ. ಆದರೆ ಸಣ್ಣ ಸಣ್ಣ ಹನಿಗಳಾಗಿ ನಿಲ್ಲದೆ ತೆಳು ಪದರವಾಗಿ ಹರಡಿಕೊಳ್ಳುತ್ತದೆ, ಅದರಾಚೆ ಕೊಳದ ತಳದ ಗೆರೆಯೂ ಸ್ಪಷ್ಟ. ನೊರೆ ಉಳಿದರೆ ಕಣ್ಣು ಉರಿಯುತ್ತದೆ, ಅದೊಂದು ಎಚ್ಚರ.

ಕಲಬುರಗಿಯ ಬಿಸಿಲೂ ಕಾರಣ ಎಂದು ಒಬ್ಬರು ಬರೆದಿದ್ದರು, ನಿಜ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ಬೆವೆತ ಮುಖಕ್ಕೆ ಕನ್ನಡಕ ಹಾಕಿ ತಣ್ಣೀರಿಗೆ ಇಳಿದರೆ ಒಳಗಿನ ಆವಿ ತಂಪಾದ ಮಸೂರದ ಮೇಲೆ ಹನಿಗಟ್ಟದೆ ಇದ್ದೀತೇ? ಈಗ ಅವಳು ಮೊದಲು ಮುಖಕ್ಕೆ ನೀರು ಎರಚಿಕೊಂಡು, ಕನ್ನಡಕವನ್ನೂ ಕೊಳದಲ್ಲಿ ಅದ್ದಿ ಹಾಕಿಕೊಳ್ಳುತ್ತಾಳೆ. ಆಮೇಲೆ ನೆರಳಿನಲ್ಲಿ ಒಣಗಿಸುತ್ತೇವೆ, ಸ್ಕೂಟರಿನ ಡಿಕ್ಕಿಯಲ್ಲಿ ಬಿಡುವುದಿಲ್ಲ.

ಮಸೂರವನ್ನು ಟೂತ್‌ಪೇಸ್ಟ್‌ನಿಂದ ಉಜ್ಜಿ ಎಂಬ ಸಲಹೆಯನ್ನು ಮಾತ್ರ ದಯವಿಟ್ಟು ಯಾರೂ ಪಾಲಿಸಬೇಡಿ. ಅದರ ಕಣಗಳು ಮಂಜು ತಡೆಯುವ ಲೇಪನವನ್ನೇ ಉಜ್ಜಿ ತೆಗೆದು ಗೀರು ಮೂಡಿಸುತ್ತವೆ. ಅಂಗಡಿಯಲ್ಲಿ ಸಿಗುವ ಮಂಜು ತಡೆಯುವ ಸ್ಪ್ರೇ ಇನ್ನೂ ತಂದಿಲ್ಲ, ಸದ್ಯಕ್ಕೆ ಬೇಕೆನಿಸಿಲ್ಲ.