ಬಯಲುಸೀಮೆಯಿಂದ ಬಾಲ್ಟಿಕ್ ತೀರಕ್ಕೆ: ಕೀಲ್ ವಿಶ್ವವಿದ್ಯಾಲಯದಲ್ಲಿ ಓದುವುದರ ಬಗ್ಗೆ ಸಲಹೆ ಬೇಕು

ಪ್ರಶ್ನೆ – ಶ್ರೀನಿವಾಸಪುರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಭೂವಿಜ್ಞಾನದಲ್ಲಿ ಪದವಿ ಮುಗಿಸಿರುವ ನಾನು, ಜರ್ಮನಿಯ ಉತ್ತರದಲ್ಲಿ ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಕೀಲ್ ವಿಶ್ವವಿದ್ಯಾಲಯದ ಸಾಗರ ಭೂವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಅಲ್ಲಿ ಬೋಧನಾ ಶುಲ್ಕವಿಲ್ಲವೆಂದು ಓದಿದ್ದೇನೆ. ಆದರೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಖಾತೆಯಲ್ಲಿ ಇಡಬೇಕೆನ್ನುವುದು ಮಾವಿನ ತೋಟವನ್ನೇ ನಂಬಿದ ನಮ್ಮಂಥ ಮನೆಗೆ ದೊಡ್ಡ ಮಾತು. ತಂದೆಯವರ ಇನ್ನೊಂದು ಪ್ರಶ್ನೆಗಂತೂ ನನ್ನಲ್ಲಿ ಉತ್ತರವಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತ್ರಿಯಿಲ್ಲದ ಜಿಲ್ಲೆಯ ಹುಡುಗಿ ಸಮುದ್ರದ ತಳವನ್ನು ಓದಿ ಬಂದು ಊರಿನಲ್ಲಿ ಮಾಡುವುದೇನು ಎಂದು ಅವರು ಕೇಳುತ್ತಾರೆ. ಕಡಲನ್ನು ನಾನು ಕಂಡಿರುವುದೇ ಶಾಲಾ ಪ್ರವಾಸದಲ್ಲಿ, ಮುರುಡೇಶ್ವರದಲ್ಲಿ. ಅಲ್ಲಿ ಓದಿದವರು, ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ತಿಳಿಸಿ.

ಉತ್ತರ – ಚಿಂತಾಮಣಿಯವಳು, ಕೀಲ್‌ನಲ್ಲಿ ಓದಿದವಳು

ತಂಗಿ, ನಾನು ಅದೇ ವಿಶ್ವವಿದ್ಯಾಲಯದ ಬೇರೊಂದು ವಿಭಾಗದಲ್ಲಿ ಓದಿದವಳು. ಮುರುಡೇಶ್ವರದ ಕಡಲನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಬಾಲ್ಟಿಕ್ ಬಹುಮಟ್ಟಿಗೆ ನೆಲದಿಂದ ಸುತ್ತುವರಿದ ಸಮುದ್ರ. ಕೀಲ್ ಬಳಿ ಅದರ ಉಪ್ಪಿನಂಶ ಮಹಾಸಾಗರದ ನೀರಿನದಕ್ಕಿಂತ ಸುಮಾರು ಅರ್ಧದಷ್ಟು, ಉಬ್ಬರವಿಳಿತವಂತೂ ಕಣ್ಣಿಗೆ ಬೀಳದಷ್ಟು ಕಡಿಮೆ. ಅಲ್ಲಿ ನೀರಿನ ಮಟ್ಟವನ್ನು ಏರಿಳಿಸುವುದು ಚಂದ್ರನಿಗಿಂತ ಹೆಚ್ಚಾಗಿ ಗಾಳಿ. 2023ರ ಅಕ್ಟೋಬರಿನಲ್ಲಿ ಪೂರ್ವದಿಂದ ಬೀಸಿದ ಬಿರುಗಾಳಿ ನೀರನ್ನು ದಡಕ್ಕೆ ಒತ್ತಿದಾಗ, ಅದೇ ಕರಾವಳಿಯ ಫ್ಲೆನ್ಸ್‌ಬುರ್ಗ್ ಪಟ್ಟಣದಲ್ಲಿ ಮಟ್ಟವು ಎಂದಿಗಿಂತ ಎರಡು ಮೀಟರಿಗೂ ಹೆಚ್ಚು ಏರಿತ್ತು.

ವಿಶ್ವವಿದ್ಯಾಲಯ 1665ರಷ್ಟು ಹಳೆಯದು. ಸಮುದ್ರಕ್ಕೆ ಸಂಬಂಧಿಸಿದ ಕೋರ್ಸುಗಳು ಅದೇ ಊರಿನ ಜಿಯೊಮಾರ್ ಸಾಗರ ಸಂಶೋಧನಾ ಕೇಂದ್ರದ ಜೊತೆಗೂಡಿ ನಡೆಯುವುದರಿಂದ, ತರಗತಿಯಲ್ಲಿ ಪಾಠ ಹೇಳುವವರಲ್ಲಿ ಅನೇಕರು ತಾವೇ ಹಡಗಿನಲ್ಲಿ ಹೋಗಿ ತಳದ ಕೆಸರಿನ ಮಾದರಿ ತಂದವರಾಗಿರುತ್ತಾರೆ. ಓದಿನ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಅನುಕೂಲ ನನಗೆ ತೋಚುವುದಿಲ್ಲ.

ಕಷ್ಟ ಇರುವುದು ಚಳಿಗಿಂತ ಕತ್ತಲೆಯಲ್ಲಿ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಮೂಡುವ ಸೂರ್ಯ ನಾಲ್ಕು ಗಂಟೆಗೆ ಮೊದಲೇ ಮುಳುಗುತ್ತಾನೆ. ಜೂನಿನಲ್ಲಾದರೆ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಮಳೆ ನಮ್ಮಲ್ಲಿಯಂತೆ ಸುರಿದು ನಿಲ್ಲದೆ ದಿನವಿಡೀ ಜಿನುಗುತ್ತದೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಆದ್ದರಿಂದ ಒಳ್ಳೆಯ ಮಳೆಯಂಗಿ ಅಲ್ಲಿಯೇ ಕೊಳ್ಳಿ. ಕೋಣೆ ಸಿಗುವುದು ತಡವಾಗುವುದರಿಂದ, ಪ್ರವೇಶಪತ್ರ ಬಂದ ವಾರವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಬಾಡಿಗೆ ಕರಾರು, ನಗರಸಭೆಯ ಪತ್ರ ಎಲ್ಲವೂ ಜರ್ಮನ್ ಭಾಷೆಯಲ್ಲೇ ಬರುತ್ತವೆ. ಇಲ್ಲಿರುವಾಗಲೇ ಜರ್ಮನ್ ಭಾಷೆಯನ್ನು ಎ-2 ಹಂತದವರೆಗೆ, ಅಂದರೆ ದಿನನಿತ್ಯದ ಸರಳ ಮಾತಿಗೆ ಸಾಕಾಗುವಷ್ಟು, ಕಲಿತು ಹೋದವರು ನೆಮ್ಮದಿಯಾಗಿದ್ದರು. ರಾಗಿ ಹಿಟ್ಟಿಗೆ ಏನು ಮಾಡುವುದೆಂದು ನಮ್ಮ ಕಡೆಯವರೆಲ್ಲ ಮೊದಲು ಕೇಳುತ್ತಾರೆ; ಅದೊಂದು ಚಿಂತೆಯೇ ಅಲ್ಲ.

ಉತ್ತರ – ತುಮಕೂರಿನ ಪೋಷಕರು

ಮಗಳೇ, ನಮ್ಮ ಹುಡುಗ ಜರ್ಮನಿಯ ಬೇರೆ ಊರಿನಲ್ಲಿದ್ದಾನೆ; ಹಣದ ವಿಷಯವನ್ನಷ್ಟೇ ಹೇಳುತ್ತೇನೆ. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಆಗಿದೆ, ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಅದು ಶುಲ್ಕವಲ್ಲ, ನಿಮ್ಮದೇ ಹಣ; ತಿಂಗಳಿಗೆ 992 ಯೂರೊದಂತೆ ನಿಮಗೇ ಬರುತ್ತದೆ. ಸರ್ಕಾರಿ ಬ್ಯಾಂಕುಗಳ ಸಾಮಾನ್ಯ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತಾರೆ. ತೋಟದ ಪಹಣಿ ಹಿಡಿದು ಹೋದರೆ ಬಹುತೇಕ ಒಪ್ಪುವುದಿಲ್ಲ, ಏಕೆಂದರೆ ಕೃಷಿ ಜಮೀನನ್ನು ಈ ಸಾಲಕ್ಕೆ ಭದ್ರತೆಯಾಗಿ ಅವರು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಮನೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ಹಾಗೂ ಋಣಭಾರ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ನಮ್ಮ ಅನುಭವದಲ್ಲಿ ವೀಸಾಕ್ಕಿಂತ ಅವೇ ಹೆಚ್ಚು ಓಡಾಡಿಸಿದವು.

ಓದುತ್ತಾ ಕೆಲಸ ಮಾಡಲು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಅವಕಾಶವಿದೆ. ಆ ಸಂಪಾದನೆ ಊಟ, ಬಾಡಿಗೆಗೆ ಒದಗಬಹುದು. ಅದರಿಂದ ಸಾಲ ತೀರಿಸುತ್ತೇನೆಂದು ತಂದೆಯವರಿಗೆ ಮಾತು ಕೊಡಬೇಡಿ.

ಉತ್ತರ – ಭೂವಿಜ್ಞಾನದ ನಿವೃತ್ತ ಅಧ್ಯಾಪಕ, ಕೋಲಾರ

ತಂದೆಯವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಇದೆ. ಕೀಲ್‌ನ ವಾಯವ್ಯಕ್ಕಿರುವ ಎಕರ್ನ್‌ಫೋರ್ಡೆ ಕೊಲ್ಲಿಯ ತಳದಲ್ಲಿ, ಭೂಮಿಯೊಳಗಿನಿಂದ ಸಿಹಿನೀರು ಸಮುದ್ರಕ್ಕೆ ಒಸರುವ ಗುಣಿಗಳಿದ್ದು, ಅವುಗಳ ಬಗ್ಗೆ ಬಹಳಷ್ಟು ಸಂಶೋಧನೆ ನಡೆದಿದೆ. ಅಂದರೆ ಸಾಗರ ಭೂವಿಜ್ಞಾನದಲ್ಲಿ ಅಂತರ್ಜಲವೂ ಒಂದು ಭಾಗ. ಜರ್ಮನಿಯ ಉತ್ತರ ಸಮುದ್ರದ ದ್ವೀಪಗಳಿಗೆ ಕುಡಿಯುವ ನೀರು ಒದಗಿಸುವ ಕೆಲಸದಲ್ಲಿದ್ದ ಹೆರ್ಜ್‌ಬರ್ಗ್ 1901ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನೀವು ಪದವಿಯಲ್ಲಿ ಓದಿರುತ್ತೀರಿ: ಕಡಲಂಚಿನ ನೆಲದೊಳಗಿನ ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು ನಲವತ್ತು ಮೀಟರಿನವರೆಗೆ ಸಿಹಿನೀರೇ ಇರುತ್ತದೆ, ಮೇಲಿನ ಒಂದು ಮೀಟರನ್ನು ಪಂಪ್ ಮಾಡಿ ಕಳೆದುಕೊಂಡರೆ ಕೆಳಗಿನ ನಲವತ್ತಕ್ಕೂ ಸಂಚಕಾರ.

ನಮ್ಮದು ಗಟ್ಟಿ ನೈಸ್ ಶಿಲೆಯ ನೆಲ, ನೀರಿರುವುದು ಬಿರುಕುಗಳಲ್ಲಿ. ಅಲ್ಲಿನ ಸೂತ್ರವನ್ನು ಇಲ್ಲಿಗೆ ತಂದು ಹಚ್ಚಲು ಬರುವುದಿಲ್ಲವೆಂಬುದನ್ನು ಒಪ್ಪಬೇಕು. ಆದರೆ ವಿಧಾನಗಳು ಬರುತ್ತವೆ. ನೆಲದ ವಿದ್ಯುತ್ ನಿರೋಧವನ್ನು ಅಳೆದು ಉಪ್ಪುನೀರಿನ ಎಲ್ಲೆ ಗುರುತಿಸುವ ಕ್ರಮದಿಂದಲೇ ಇಲ್ಲಿ ಬಿರುಕು ಹುಡುಕುತ್ತಾರೆ. ರೇಡಾನ್ ಅನಿಲದ ಜಾಡು ಹಿಡಿದು ಅಂತರ್ಜಲ ಎಲ್ಲಿ ಹೊರಬರುತ್ತಿದೆಯೆಂದು ಪತ್ತೆಹಚ್ಚುವುದು, ಕರಗಿದ ಲವಣಗಳಿಂದ ನೀರಿನ ಮೂಲ ಹೇಳುವುದು ಕೂಡ ಅಲ್ಲಿ ಕಲಿಯಬಹುದಾದ ವಿದ್ಯೆಗಳೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ; ಅದು ಯಾವ ಬಾವಿಯನ್ನು ಎಷ್ಟರಮಟ್ಟಿಗೆ ಸೇರುತ್ತಿದೆಯೆಂದು ಅಳೆಯಬಲ್ಲವರು ಈ ಜಿಲ್ಲೆಗೆ ಬೇಕು. ಐಚ್ಛಿಕ ವಿಷಯಗಳನ್ನು ಆರಿಸುವಾಗ ಭೂರಸಾಯನ ಮತ್ತು ಭೂಭೌತಶಾಸ್ತ್ರದ ಕಡೆಗೆ ಒಲವಿರಲಿ.

ಶ್ರೀನಿವಾಸಪುರದ ವಿದ್ಯಾರ್ಥಿನಿ

ಅಕ್ಕ, ಸರ್, ಎಲ್ಲರಿಗೂ ಧನ್ಯವಾದಗಳು. ಕೆರೆ ನೀರಿನ ಮಾತನ್ನು ತಂದೆಯವರಿಗೆ ಓದಿ ಹೇಳಿದೆ; ಅವರು ಈಗ ಬ್ಯಾಂಕಿನ ಕಾಗದಗಳ ಬಗ್ಗೆ ಕೇಳುತ್ತಿದ್ದಾರೆ. ಎಲ್ಲಕ್ಕಿಂತ ಮೊದಲು ಯಾವ ಕೆಲಸ ಹಿಡಿಯಲಿ?

ಉತ್ತರ – ಚಿಂತಾಮಣಿಯವಳು

ಎ.ಪಿ.ಎಸ್. ಪ್ರಮಾಣಪತ್ರ, ತಂಗಿ; ನಿಮ್ಮ ಪದವಿಯ ದಾಖಲೆಗಳು ಸರಿಯಿವೆಯೆಂದು ದೃಢಪಡಿಸುವ ಪತ್ರ ಅದು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳು ವೀಸಾಕ್ಕೆ ಅದನ್ನು ಕೊಡಲೇಬೇಕು. ಅಂಕಪಟ್ಟಿಗಳ ಪರಿಶೀಲನೆಗೆ ಸಮಯ ಹಿಡಿಯುವುದರಿಂದ, ಪ್ರವೇಶಪತ್ರಕ್ಕೆ ಕಾಯದೆ ಈ ತಿಂಗಳಲ್ಲೇ ಅರ್ಜಿ ಕಳುಹಿಸಿ. ಇ-ಸ್ವತ್ತಿನ ಓಡಾಟವನ್ನು ಅಷ್ಟರಲ್ಲಿ ತಂದೆಯವರು ಮುಗಿಸಲಿ.