ಫ್ಲಾಟ್ ಪೆಡಲ್‌ಗೆ ಹಗುರವಾದ ಶೂ ಯಾವುದು? ಆಫೀಸಿಗೂ ನಂದಿ ಬೆಟ್ಟಕ್ಕೂ ಒಂದೇ ಜೊತೆ ಬೇಕು

ಮಲ್ಲೇಶ್ವರಂ_ಸವಾರಿ:
ನನ್ನದು ಹೈಬ್ರಿಡ್ ಸೈಕಲ್. ಪಿನ್ (ಶೂ ಕಚ್ಚಿಕೊಳ್ಳುವ ಸಣ್ಣ ಮೊಳೆಯಂಥದ್ದು) ಇರುವ ಮೆಟಲ್ ಫ್ಲಾಟ್ ಪೆಡಲ್ ಹಾಕಿಸಿದ್ದೇನೆ. ಕ್ಲೀಟ್ (ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕೊಂಡಿ) ಬೇಡ ಅಂತ ತೀರ್ಮಾನ ಆಗಿದೆ, ಸಿಗ್ನಲ್ ಸಿಗ್ನಲ್‌ಗೂ ಕಾಲು ಕೆಳಗಿಡಬೇಕಾದ ಬೆಂಗಳೂರಲ್ಲಿ ನನಗೆ ಅದು ಆಗುವುದಿಲ್ಲ, ದಯವಿಟ್ಟು ಆ ಜಗಳ ಇಲ್ಲಿ ಬೇಡ. ವಾರವಿಡೀ ಆಫೀಸು, ಭಾನುವಾರ ನಂದಿ ಬೆಟ್ಟ. ಈಗ ಹಾಕುತ್ತಿರುವುದು ರನ್ನಿಂಗ್ ಶೂ. ಹಗುರವಾಗೇನೋ ಇದೆ, ಆದರೆ ಏರಿನಲ್ಲಿ ಅಂಗಾಲು ಉರಿಯುತ್ತದೆ, ಮಳೆಯಲ್ಲಿ ಜಾರುತ್ತದೆ. ಫೈವ್ ಟೆನ್ ಕಂಪನಿಯ ಶೂ ನೋಡಿದೆ, ಒಂದು ಕಾಲಿನದೇ 350 ಗ್ರಾಂ ದಾಟುತ್ತದೆ. ನನ್ನ ಬಜೆಟ್ 5000 ರೂಪಾಯಿ. 300 ಗ್ರಾಂ ಒಳಗೆ, ಹಿಡಿತ ಚೆನ್ನಾಗಿರುವಂಥದ್ದು ಏನಾದರೂ ಇದೆಯಾ?

ಎಂಟಿಬಿ_ಮಾವ:
ಮೊದಲು ಈ ಗ್ರಾಂ ಲೆಕ್ಕ ಬಿಡಿ. ಒಂದು ಜೊತೆ ಶೂನಲ್ಲಿ 200 ಗ್ರಾಂ ಉಳಿಸಿದಿರಿ ಅಂತಲೇ ಇಟ್ಟುಕೊಳ್ಳಿ. ನೀವು, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕೆ.ಜಿ. ಆದರೆ 200 ಗ್ರಾಂ ಅಂದರೆ ಅದರ ಕಾಲು ಪರ್ಸೆಂಟ್. ನಂದಿ ಏರಲು 40 ನಿಮಿಷ ತೆಗೆದುಕೊಳ್ಳುವವರಿಗೆ ಉಳಿಯುವುದು ಹೆಚ್ಚೆಂದರೆ 6 ಸೆಕೆಂಡು. ಸುತ್ತುವ ಜಾಗದ ತೂಕ ಅಲ್ವಾ, ಜಾಸ್ತಿ ಕಾಡುತ್ತದೆ ಅಂತ ಕೆಲವರು ಹೇಳುತ್ತಾರೆ. ಅದೂ ಅಷ್ಟೊಂದಿಲ್ಲ. ಒಂದು ಕಾಲು ಮೇಲೆ ಬರುವಾಗ ಇನ್ನೊಂದು ಕೆಳಗೆ ಹೋಗುತ್ತಿರುತ್ತದೆ, ಎರಡೂ ಶೂ ಒಂದನ್ನೊಂದು ತಕ್ಕಡಿಯ ಹಾಗೆ ತೂಗಿಸಿಕೊಳ್ಳುತ್ತವೆ.

ನಿಮ್ಮ ಅಂಗಾಲು ಉರಿಯಲು ಕಾರಣ ಸೋಲ್. ರನ್ನಿಂಗ್ ಶೂ ಒಳಗೆ ಇರುವುದು ಮೆತ್ತನೆಯ ಫೋಮ್. ಹಿಮ್ಮಡಿ ನೆಲಕ್ಕೆ ಬಡಿಯುವ ಏಟು ತಡೆಯಲು ಅದನ್ನು ಮಾಡಿರುತ್ತಾರೆ. ಪೆಡಲ್ ಮೇಲೆ ಅಂಥ ಏಟೇ ಇಲ್ಲ. ಬದಲಿಗೆ ನೀವು ತುಳಿದಾಗಲೆಲ್ಲ ಫೋಮ್ ಕುಸಿಯುತ್ತದೆ, ಪೆಡಲ್‌ನ ಅಂಚು ಪಾದದ ಒಂದೇ ಜಾಗಕ್ಕೆ ಒತ್ತುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಕೆಳಗಡೆ ರಬ್ಬರ್ ಕೂಡ ಪೂರ್ತಿ ಇರುವುದಿಲ್ಲ, ಅಲ್ಲೊಂದು ಇಲ್ಲೊಂದು ತುಂಡು ಅಂಟಿಸಿರುತ್ತಾರೆ. ಮಧ್ಯೆ ಬರೀ ಫೋಮ್, ಪಿನ್ ಅದನ್ನೇ ಕಿತ್ತು ಹಾಕುತ್ತದೆ.

ನೋಡಬೇಕಾದದ್ದು ಇಷ್ಟು: ಕೆಳಭಾಗ ಚಪ್ಪಟೆಯಾಗಿರಬೇಕು, ರಬ್ಬರ್ ಮೃದುವಾಗಿರಬೇಕು, ಶೂ ಮಧ್ಯದಲ್ಲಿ ಮಡಿಯಬಾರದು. ಫೈವ್ ಟೆನ್ ಮೊದಲು ಬಂಡೆ ಹತ್ತುವವರ ಶೂ ಮಾಡುತ್ತಿದ್ದ ಕಂಪನಿ (2011ರಲ್ಲಿ ಅಡಿಡಾಸ್ ಕೊಂಡುಕೊಂಡಿತು), ಅವರ ಸ್ಟೆಲ್ತ್ ರಬ್ಬರ್ ಬಂದದ್ದೇ ಅಲ್ಲಿಂದ. ಅದಕ್ಕೇ ಆ ಹಿಡಿತ. ಆದರೆ ಅದು ಗುಡ್ಡದಿಂದ ಕಲ್ಲುಗಳ ಮೇಲೆ ಇಳಿಯುವವರಿಗೆ ಹೇಳಿ ಮಾಡಿಸಿದ್ದು. ಡಾಂಬರು ರಸ್ತೆಗೆ ಅಷ್ಟು ಬೇಕಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಸ್ಪ್ಯಾನರ್_15:
ಮಾವ ಹೇಳಿದ್ದು ಸರಿ, ಆದರೆ ಬ್ಯಾಡ್ಮಿಂಟನ್ ಶೂ ಯಾಕೆ ಯಾರೂ ಹೇಳುತ್ತಿಲ್ಲ? ಒಳಾಂಗಣದಲ್ಲಿ ಆಡುವ, ಗಮ್ ರಬ್ಬರ್ ಸೋಲ್ ಇರುವಂಥದ್ದು. ಸೋಲ್ ತೆಳ್ಳಗೆ, ರಬ್ಬರ್ ಮೃದು, 300 ಗ್ರಾಂ ಆಸುಪಾಸಿನಲ್ಲೇ ಸಿಗುತ್ತದೆ, ಬಜೆಟ್‌ನಲ್ಲಿ ದುಡ್ಡೂ ಉಳಿಯುತ್ತದೆ. ಪಿನ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ತೊಂದರೆ ಎರಡು. ರಸ್ತೆ ಮೇಲೆ ನಡೆದಾಡಿದರೆ ಆ ರಬ್ಬರ್ ಬೇಗ ಸವೆಯುತ್ತದೆ. ಮತ್ತೆ ತೀರಾ ತೆಳ್ಳಗಿರುವುದನ್ನು ತೆಗೆದುಕೊಂಡರೆ ಎರಡು ಮೂರು ಗಂಟೆ ಆದ ಮೇಲೆ ಪಿನ್ ಅಂಗಾಲಿಗೆ ಗೊತ್ತಾಗಲು ಶುರುವಾಗುತ್ತದೆ. ಆಗ ಮಧ್ಯದ ಪಿನ್‌ಗಳನ್ನು ಅಲೆನ್ ಕೀ ಹಾಕಿ ಬಿಚ್ಚಿಬಿಡಿ, ಅಂಚಿನವು ಸಾಕು.

ಅಂಗಡಿಗೆ ಹೋಗುವಾಗ ಒಂದು ಪೆಡಲ್ ಕಳಚಿಕೊಂಡು ಹೋಗಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಸಾಮಾನ್ಯವಾಗಿ 15ರ ಸ್ಪ್ಯಾನರ್ ಸಾಕು. ಎಡಗಡೆ ಪೆಡಲ್‌ದು ಉಲ್ಟಾ ತಿರುಪು, ಮರೆಯಬೇಡಿ. ಶೂ ಕೆಳಗೆ ಪೆಡಲ್ ಇಟ್ಟು ಕೈಯಲ್ಲೇ ಒತ್ತಿ ತಿರುಗಿಸಿ ನೋಡಿದರೆ ಹಿಡಿತ ಗೊತ್ತಾಗುತ್ತದೆ. ಸೋಲ್‌ಗೆ ಉಗುರು ಒತ್ತಿ, ಗುರುತು ಬಿದ್ದು ನಿಧಾನವಾಗಿ ಮಾಯವಾದರೆ ಒಳ್ಳೆಯ ರಬ್ಬರ್, ಪ್ಲಾಸ್ಟಿಕ್ ತರ ಗಟ್ಟಿ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಹೋಗುವುದಾದರೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಸೈಜು ಸರಿಯಾಗಿ ತಿಳಿಯುತ್ತದೆ.

ಕರಾವಳಿ_ಗಾಲಿ:
ಮಂಗಳೂರಿನಿಂದ ಒಂದು ಮಾತು. ಮಾವ ತೂಕ ಬಿಡಿ ಅನ್ನುತ್ತಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ಒಣಗಿದ ಶೂ ತೂಕ ಯಾರಿಗೂ ಬೇಡ, ನೆನೆದ ಶೂ ತೂಕ ಕೇಳಿ! ಚಪ್ಪಟೆ ಸೋಲ್ ಅಂತ ಸ್ಕೇಟ್ ಶೂ (ಸ್ಕೇಟ್‌ಬೋರ್ಡ್ ಆಡುವವರದು) ಕೊಳ್ಳಬೇಡಿ, ಅವುಗಳ ನಾಲಿಗೆ ಮತ್ತು ಹಿಮ್ಮಡಿ ಸುತ್ತ ದಪ್ಪ ಸ್ಪಂಜು ಇರುತ್ತದೆ. ಜೂನ್ ಜುಲೈಯಲ್ಲಿ ಒಮ್ಮೆ ನೆನೆದರೆ ಮುಗಿಯಿತು, ಇಡೀ ದಿನ ಆಫೀಸಿನಲ್ಲಿ ಪಚಪಚ ಅಂತ ಓಡಾಡಬೇಕು, ಮಾರನೇ ದಿನಕ್ಕೂ ಒಣಗುವುದಿಲ್ಲ. ವಾಸನೆ ಬೇರೆ. ಅದಕ್ಕೆ ಮೇಲ್ಭಾಗ ತೆಳುವಾದ ಸಿಂಥೆಟಿಕ್ ಅಥವಾ ಮೆಶ್ ಇರಲಿ, ಒಳಗೆ ಸ್ಪಂಜು ಕಡಿಮೆ ಇರಲಿ. ಮನೆಗೆ ಬಂದ ಕೂಡಲೇ ಒಳಗಿನ ಮೆತ್ತೆ ತೆಗೆದು, ಹಳೇ ಪೇಪರ್ ತುರುಕಿ, ಫ್ಯಾನ್ ಕೆಳಗೆ ಇಡಿ. ಸುಡುಬಿಸಿಲಿಗೆ ಇಟ್ಟರೆ ಅಂಟು ಬಿಡುತ್ತದೆ.

ಮಲ್ಲೇಶ್ವರಂ_ಸವಾರಿ:
6 ಸೆಕೆಂಡಿಗೋಸ್ಕರ ಇಷ್ಟು ತಲೆ ಕೆಡಿಸಿಕೊಂಡಿದ್ದೆನಾ! ಸರಿ, ಬ್ಯಾಡ್ಮಿಂಟನ್ ಶೂನಲ್ಲಿ ಸ್ವಲ್ಪ ಗಟ್ಟಿ ಇರುವುದನ್ನು ಹುಡುಕುತ್ತೇನೆ. ಇನ್ನೊಂದು ಪ್ರಶ್ನೆ. ಅದು ಕೋರ್ಟ್‌ನಲ್ಲಿ ಅಕ್ಕಪಕ್ಕ ಜಿಗಿಯಲು ಮಾಡಿದ್ದು, ಬದಿಗೆ ಅಗಲ ಜಾಸ್ತಿ. ಕ್ರ್ಯಾಂಕ್‌ಗೆ (ಪೆಡಲ್ ಕೂರುವ ತೋಳಿಗೆ) ಉಜ್ಜುವುದಿಲ್ಲವಾ?

ಸ್ಪ್ಯಾನರ್_15:
ಪಾದ ಒಳಕ್ಕೆ ತಂದು ಇಡುವ ಅಭ್ಯಾಸ ಇದ್ದರೆ ಉಜ್ಜುತ್ತದೆ. ಪೆಡಲ್ ಅಗಲವಾಗಿದ್ದರೆ ಅರ್ಧ ಇಂಚು ಹೊರಗೆ ಇಡಿ, ಸರಿಹೋಗುತ್ತದೆ. ಹೆಬ್ಬೆರಳಿನ ಬುಡದ ಉಬ್ಬು ಪೆಡಲ್ ಅಚ್ಚಿನ ಸ್ವಲ್ಪ ಮುಂದೆ ಬರುವ ಹಾಗೆ ಇಟ್ಟರೆ ಮೀನಖಂಡಕ್ಕೂ ಆರಾಮ, ಸೋಲ್ ಸ್ವಲ್ಪ ಬಾಗುವಂಥದ್ದಾದರೂ ಅಷ್ಟು ತಿಳಿಯುವುದಿಲ್ಲ. ಲೇಸ್ ಉದ್ದ ಇದ್ದರೆ ಗಂಟು ಹಾಕಿ ಉಳಿದದ್ದನ್ನು ಒಳಗೆ ಸಿಕ್ಕಿಸಿ. ಮುಖ್ಯವಾಗಿ ಬಲಗಾಲಿನದು, ಚೈನ್ ಇರುವುದು ಆ ಕಡೆಗೇ.