ಆದಾಯ: ಬಂದದ್ದೋ, ಉಳಿದದ್ದೋ?

ಪದಚರ್ಚೆಯ ಎಲ್ಲರಿಗೂ ನಮಸ್ಕಾರ.

ಉಡುಪಿಯ ಒಂದು ಆಡಿಟರ್ ಆಫೀಸಿನಲ್ಲಿ ಹನ್ನೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮಣಿಪಾಲ, ಕಾಪು, ಬ್ರಹ್ಮಾವರದ ಕಡೆಯ ಎಷ್ಟೋ ಹುಡುಗ ಹುಡುಗಿಯರು ಈಗ ಮನೆಯಲ್ಲೇ ಕೂತು ಜರ್ಮನಿಯ, ಅಮೆರಿಕದ ಕಂಪನಿಗಳಿಗೆ ದುಡಿಯುತ್ತಾರೆ. ಅವರಿಗೆ ಸಂಬಳ ಚೀಟಿ ಇಲ್ಲ, ಸಂಬಳದಲ್ಲಿ ಮುರಿದ ತೆರಿಗೆಯ ಲೆಕ್ಕ ಹೇಳುವ ಫಾರಂ 16 ಇಲ್ಲ. ಕೆಲಸ ಮುಗಿದ ಮೇಲೆ ಬಿಲ್ಲು ಕಳಿಸಬೇಕು, ಬಿಲ್ಲಿನ ಮೇಲೆ ಹಣ ಬರಬೇಕು. ಅಂಥವರಿಗೆ ಕೊಡಲೆಂದು ಎರಡು ಪುಟದ ಕನ್ನಡ ಕರಪತ್ರವೊಂದನ್ನು ನಾನು ಬರೆದಿದ್ದೆ. ಅದರಲ್ಲಿ ನಾನು ಬಳಸಿದ ಒಂದು ಪದದಿಂದ ಒಬ್ಬಳ ಲೆಕ್ಕವೇ ತಪ್ಪಿತು. ‘ಆದಾಯ’ ಆ ಪದ.

ವಿಷಯ ಹೀಗೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿಎ ಎಂಬ ಕಲಮು ಉಂಟು. ವಕೀಲರು, ವೈದ್ಯರು, ಎಂಜಿನಿಯರುಗಳು, ಸಾಫ್ಟ್‌ವೇರ್ ಕೆಲಸದವರು ಹೀಗೆ ಕೆಲವು ವೃತ್ತಿಯವರು ವರ್ಷವಿಡೀ ವೃತ್ತಿಯಿಂದ ಬಂದ ಒಟ್ಟು ಹಣದಲ್ಲಿ ಕಡಿಮೆ ಎಂದರೆ ಅರ್ಧವನ್ನು ಆದಾಯವೆಂದು ತೋರಿಸಿದರೆ ಸಾಕು. ಉಳಿದರ್ಧ ಖರ್ಚಿನ ಬಾಬ್ತಿಗೆ ಹೋಯಿತೆಂದು ಕಾಯ್ದೆಯೇ ಒಪ್ಪಿಕೊಳ್ಳುತ್ತದೆ. ಹಾಗೆ ಬಂದ ಒಟ್ಟು ಹಣಕ್ಕೆ ಮಿತಿ 50 ಲಕ್ಷ ರೂಪಾಯಿ. ನಗದಾಗಿ ಬಂದದ್ದು ಶೇಕಡಾ 5ರ ಒಳಗಿದ್ದರೆ 75 ಲಕ್ಷ. ಇಂಗ್ಲಿಷಿನ ಕಲಮಿನಲ್ಲಿ ‘ಗ್ರಾಸ್ ರಿಸೀಟ್ಸ್’ ಒಂದು, ‘ಇನ್‌ಕಮ್’ ಇನ್ನೊಂದು. ನನ್ನ ಕರಪತ್ರದಲ್ಲಿ ಅದು ‘ನಿಮ್ಮ ಒಟ್ಟು ಆದಾಯದ ಅರ್ಧಕ್ಕೆ ಮಾತ್ರ ತೆರಿಗೆ’ ಎಂದಾಗಿತ್ತು.

ಕಾಪುವಿನ ಹುಡುಗಿಯೊಬ್ಬಳು 2024-25ರ ಲೆಕ್ಕವನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಂದಳು. ಅಚ್ಚುಕಟ್ಟಾದ ಬರಹ. ಪ್ರತಿ ಬಿಲ್ಲಿಗೂ ನಂಬರು, ತಾರೀಕು, ಡಾಲರು, ರೂಪಾಯಿ. ಕೊನೆಯ ಪುಟದಲ್ಲಿ ಬಿಲ್ಲುಗಳ ಮೊತ್ತ 16,40,000. ಅದರಿಂದ ಲ್ಯಾಪ್‌ಟಾಪು, ಇಂಟರ್‌ನೆಟ್ಟು, ಮಳೆಗಾಲಕ್ಕೆಂದು ತೆಗೆದ ಇನ್ವರ್ಟರು, ಕಮಿಷನ್ ಎಲ್ಲ ಸೇರಿ 4,20,000 ಕಳೆದಿದ್ದಳು. ಉಳಿದ 12,20,000ರ ಎದುರು ‘ಆದಾಯ’ ಎಂದು ಬರೆದು ಕೆಂಪು ಶಾಯಿಯಲ್ಲಿ ಎರಡು ಗೆರೆ. ಅದರ ಕೆಳಗೆ, ‘ಅರ್ಧ 6,10,000’. ಆಗಬೇಕಾದದ್ದು 8,20,000. ಖರ್ಚು ಎರಡೆರಡು ಸಲ ಕಳೆದಂತಾಗಿತ್ತು.

“ಅಕ್ಕಾ, ಆದಾಯ ಅಂದ್ರೆ ಖರ್ಚು ಕಳೆದು ಉಳಿದದ್ದಲ್ವಾ? ನೀವೇ ಬರ್ದದ್ದುಂಟಲ್ಲ ಇಲ್ಲಿ,” ಎಂದು ಕರಪತ್ರವನ್ನೇ ತೋರಿಸಿದಳು. ರಿಟರ್ನ್ ಸಲ್ಲಿಸುವುದಕ್ಕೆ ಮೊದಲೇ ಗೊತ್ತಾದ್ದರಿಂದ ಸರಿಮಾಡಿದೆವು. ಆದರೆ ಆ ಕರಪತ್ರ ಅವಳಿಗಿಂತ ಮೊದಲು ಎಷ್ಟು ಜನರ ಕೈಗೆ ಹೋಗಿತ್ತೋ ಎಂಬ ಯೋಚನೆಯಲ್ಲಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವಳು ತಿಳಿದುಕೊಂಡದ್ದು ತಪ್ಪು ಎನ್ನಲಾರೆ. ‘ಹೋಟೆಲಿನಲ್ಲಿ ಈಗ ಆದಾಯ ಇಲ್ಲ ಮಾರಾಯ್ರೆ’ ಎಂದು ಯಾರಾದರೂ ಹೇಳಿದರೆ, ಗಲ್ಲಾಕ್ಕೆ ಹಣ ಬೀಳುತ್ತದೆ, ಉಳಿಯುವುದಿಲ್ಲ ಎಂದೇ ಅರ್ಥ. ಅದೇ ‘ದೇವಸ್ಥಾನಕ್ಕೆ ಒಳ್ಳೆ ಆದಾಯ ಉಂಟು’ ಎಂದರೆ ಹುಂಡಿಗೆ, ಸೇವೆಗೆ ಬಂದ ಹಣ. ಅಲ್ಲಿ ಖರ್ಚಿನ ಮಾತೇ ಇಲ್ಲ. ಒಂದೇ ಪದ, ಒಂದೇ ಬೀದಿ, ಎರಡು ಅರ್ಥ. ಕಾಯ್ದೆಯಲ್ಲಿ ‘ಇನ್‌ಕಮ್’ಗೆ ಆದಾಯ ಎಂದು ನಿಂತುಹೋಗಿದೆ, ಅದನ್ನು ಕದಲಿಸುವ ಹಾಗಿಲ್ಲ. ಹಾಗಾದರೆ ಖರ್ಚು ಕಳೆಯುವುದಕ್ಕೆ ಮುಂಚಿನ ಆ ಮೊತ್ತಕ್ಕೆ ಏನನ್ನೋಣ?

‘ಒಟ್ಟು ರಸೀದಿಗಳು’ ಎಂದು ಬರೆದದ್ದನ್ನು ಕಂಡಿದ್ದೇನೆ. ಅದನ್ನು ಓದಿದವರು ರಸೀದಿ ಪುಸ್ತಕ ಹುಡುಕುತ್ತಾರೆ. ‘ಸ್ವೀಕೃತಿ’ ನೋಡಲು ಚೆನ್ನಾಗಿದೆ. ಆದರೆ ಕಚೇರಿಗೆ ಅರ್ಜಿ ಕೊಟ್ಟರೆ ಸಿಗುವ ಚೀಟಿಯೂ ಸ್ವೀಕೃತಿಯೇ, ರಿಟರ್ನ್ ಸಲ್ಲಿಸಿದ ಮೇಲೆ ಬರುವ ಕಾಗದವೂ ಅದೇ. ಇನ್ನೊಂದು ಗೊಂದಲ ಬೇಡ.

‘ಜಮೆ’ ನನಗೆ ಬಹಳ ಹಿಡಿಸಿತ್ತು. ಜಮಾ, ಖರ್ಚು, ಶಿಲ್ಕು ಇವೆಲ್ಲ ನಮ್ಮ ಅಂಗಡಿ ಲೆಕ್ಕದಲ್ಲಿ ಬಾಳಿದ ಮಾತುಗಳು. ಆದರೆ ಅದೂ ಕೈಕೊಟ್ಟಿತು. ಹುಡುಗಿ 1,500 ಡಾಲರಿನ ಬಿಲ್ಲು ಕಳಿಸಿದ್ದಳು. ಕೆಲಸ ಕೊಡಿಸಿದ ಜಾಲತಾಣ 150 ಡಾಲರ್ ಕಮಿಷನ್ ಹಿಡಿದುಕೊಂಡಿತು. ಉಳಿದ 1,350ರಲ್ಲಿ ನಡುವಿನ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡ ಮೇಲೆ ಬಾಕಿಯದ್ದು ರೂಪಾಯಿಯಾಗಿ ಪಾಸ್‌ಬುಕ್ಕಿಗೆ ಜಮೆ ಆಯಿತು. ನಾವು ಲೆಕ್ಕಕ್ಕೆ ಹಿಡಿಯುವುದು 1,500ನ್ನು. ಕಮಿಷನ್ನೂ ಶುಲ್ಕವೂ ಖರ್ಚು, ಅವು ಆ ಬಿಟ್ಟ ಅರ್ಧದೊಳಗೇ ಬಂದವು. ‘ಜಮೆಯ ಅರ್ಧ’ ಎಂದು ಬರೆದರೆ ಪಾಸ್‌ಬುಕ್ಕಿನ ಅಂಕಿಯನ್ನೇ ಎಲ್ಲರೂ ಹಿಡಿಯುತ್ತಾರೆ.

ಪಾಸ್‌ಬುಕ್ಕಿನ ಮಾತು ಬಂದದ್ದಕ್ಕೆ ಇನ್ನೊಂದು. ನಮ್ಮ ಕರಾವಳಿಯಲ್ಲಿ ‘ಫಾರಿನ್ ದುಡ್ಡು’ ಎಂದ ಕೂಡಲೇ ನೆನಪಾಗುವುದು ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಮಗ ಮನೆಗೆ ಕಳಿಸಿದ ಹಣ. ಹೊರದೇಶದಿಂದ ಹಣ ಬಂದರೆ ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ ಉದ್ದೇಶ ಸಂಕೇತ ಹಾಕಬೇಕು. ಕುಟುಂಬದ ಖರ್ಚಿಗೆ ಬಂದದ್ದಾದರೆ ಪಿ1301, ಸಾಫ್ಟ್‌ವೇರ್ ಸಲಹೆಯ ಸಂಭಾವನೆಯಾದರೆ ಪಿ0802. ಕಾಪುವಿನ ಈ ಹುಡುಗಿಯ ಎರಡು ತಿಂಗಳ ದುಡಿಮೆಗೆ ಪಿ1301 ಬಿದ್ದಿತ್ತು. ‘ಮನೆಗೆ ಬಂದದ್ದಾ?’ ಎಂದು ಕೌಂಟರಿನಲ್ಲಿ ಕೇಳಿದರಂತೆ, ಮನೆಯ ಖಾತೆಗೇ ಬಂದದ್ದಲ್ಲವೇ ಎಂದು ಇವಳು ಹೌದೆಂದಳಂತೆ. ಅರ್ಜಿ ಕೊಟ್ಟು ತಿದ್ದಿಸಬೇಕಾಯಿತು. ಮಗ ಕಳಿಸಿದ್ದಕ್ಕೂ ಮಗಳು ಇಲ್ಲೇ ಕೂತು ದುಡಿದದ್ದಕ್ಕೂ ಬೇರೆ ಬೇರೆ ಹೆಸರು ಬೇಕಾಗಿರುವ ಕಾಲ ಇದು.

ನನ್ನ ಮನಸ್ಸು ಈಗ ಎರಡು ಪದಗಳ ನಡುವೆ ನಿಂತಿದೆ. ಒಂದು ‘ವರಮಾನ’. ನಮ್ಮ ‘ಬರು’ ತಮಿಳಿನಲ್ಲಿ ‘ವರು’. ವರುಮಾನ ಎಂದರೆ ಬಂದದ್ದು. ಪದದ ಮೈಯಲ್ಲೇ ಅರ್ಥವಿದೆ. ತೊಡಕು ಏನೆಂದರೆ, ‘ವರಮಾನ ತೆರಿಗೆ’ ಎಂದು ಹಿಂದಿನವರು ಬಳಸಿದ್ದರಿಂದ ವರಮಾನವೂ ಆದಾಯವೂ ಒಂದೇ ಎಂದು ಓದುವವರಲ್ಲಿ ಕೂತುಬಿಟ್ಟಿದೆ.

ಇನ್ನೊಂದು ‘ಹುಟ್ಟುವಳಿ’. ನಮ್ಮ ಅಜ್ಜ ಗದ್ದೆಯ ಲೆಕ್ಕ ಹೇಳುವಾಗ ಹುಟ್ಟುವಳಿ ಇಷ್ಟು ಮುಡಿ, ಗೇಣಿಗೆ ಇಷ್ಟು, ಆಳಿನ ಕೂಲಿಗೆ ಇಷ್ಟು, ಮನೆಗೆ ಉಳಿದದ್ದು ಇಷ್ಟು ಎಂದು ಬೆರಳು ಮಡಚುತ್ತಿದ್ದರು. ಗದ್ದೆಯಲ್ಲಿ ಹುಟ್ಟಿದ್ದು ಮೊದಲು, ಕಳೆಯುವುದು ಆಮೇಲೆ. ನನಗೆ ಬೇಕಾದ ಅರ್ಥ ಕೂದಲೆಳೆಯಷ್ಟೂ ತಪ್ಪದೆ ಅಲ್ಲಿದೆ. ‘ವೃತ್ತಿಯ ಒಟ್ಟು ಹುಟ್ಟುವಳಿ’ ಎಂದು ಬರೆದು ಕಾಪುವಿನ ಹುಡುಗಿಗೆ ತೋರಿಸಿದೆ. ಅವಳಿಗೆ ಪದ ಗೊತ್ತಿರಲಿಲ್ಲ. ಜೊತೆಗೆ ಬಂದಿದ್ದ ಅವಳ ಅಮ್ಮನಿಗೆ ತಟ್ಟನೆ ತಿಳಿಯಿತು; ‘ಖರ್ಚು ಹಿಡಿಯುವ ಮೊದಲಿನದ್ದು’ ಎಂದು ಮಗಳಿಗೆ ತುಳುವಿನಲ್ಲಿ ಬಿಡಿಸಿ ಹೇಳಿದರು.

ಉಳಿದ ಪದಗಳಲ್ಲಿ ಇಷ್ಟು ತೊಂದರೆ ಇಲ್ಲ. ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆ ಕಟ್ಟದೆ ಸೇವೆಯನ್ನು ಹೊರದೇಶಕ್ಕೆ ಕೊಡಲು ವರ್ಷಕ್ಕೊಮ್ಮೆ ಸಲ್ಲಿಸುವ ಎಲ್‌ಯುಟಿಗೆ ‘ಮುಚ್ಚಳಿಕೆ’ ಸಿದ್ಧವಾಗಿಯೇ ಇದೆ. ‘ರಫ್ತು’ ಎಂದರೆ ಪಣಂಬೂರಿನ ಬಂದರು, ಕಾಫಿ, ಗೇರುಬೀಜ ಎಂದು ಮೊದಲು ಅನಿಸಿದರೂ ಒಮ್ಮೆ ವಿವರಿಸಿದರೆ ಒಪ್ಪುತ್ತಾರೆ. ‘ಹವ್ಯಾಸಿ’ಯನ್ನು ಮಾತ್ರ ಫ್ರೀಲಾನ್ಸರ್‌ಗೆ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪತ್ರಿಕೆಗಳು ‘ಹವ್ಯಾಸಿ ಪತ್ರಕರ್ತ’ ಎಂದು ಬರೆಯುತ್ತವೆ, ಗೊತ್ತು. ಆದರೆ ಯಕ್ಷಗಾನದ ಊರಿನಲ್ಲಿ ಹವ್ಯಾಸಿ ಎಂದರೆ ಬೇರೆ ಉದ್ಯೋಗ ಇಟ್ಟುಕೊಂಡು ಪ್ರೀತಿಗೆ ವೇಷ ಕಟ್ಟುವವರು. ಈ ಮಕ್ಕಳಿಗೆ ಇದೇ ಹೊಟ್ಟೆಪಾಡು. ಅವರು ಸ್ವತಂತ್ರ ವೃತ್ತಿಯವರು.

2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ. ಅದರಲ್ಲಿ ದುಡಿದ ‘ಹಿಂದಿನ ವರ್ಷ’, ಅದರ ತೆರಿಗೆ ಲೆಕ್ಕ ಹಾಕುವ ‘ನಿರ್ಧರಣಾ ವರ್ಷ’ ಎಂಬ ಜೋಡಿ ಹೋಗಿ ‘ತೆರಿಗೆ ವರ್ಷ’ ಒಂದೇ ಉಳಿಯುತ್ತದೆ; ಅರ್ಧ ತೋರಿಸುವ ಏರ್ಪಾಡು ಅದರಲ್ಲೂ ಇದೆ. ಹೇಗೂ ಕರಪತ್ರವನ್ನು ಹೊಸದಾಗಿ ಬರೆಯಲೇಬೇಕು. ಆದ್ದರಿಂದ ಕೇಳುತ್ತಿದ್ದೇನೆ: ನಿಮ್ಮ ಊರಿನಲ್ಲಿ ಹುಟ್ಟುವಳಿ ಎಂದರೆ ಖರ್ಚಿಗೆ ಮುಂಚಿನದ್ದೋ, ಆಮೇಲಿನದ್ದೋ? ಘಟ್ಟದ ಮೇಲಿನವರೂ ಧಾರವಾಡದ ಕಡೆಯವರೂ ದಯವಿಟ್ಟು ಹೇಳಿ. ಮನೆಯಲ್ಲಿ ಹಳೆಯ ಕೀರ್ದಿ ಪುಸ್ತಕ, ಅಂಗಡಿ ಲೆಕ್ಕದ ಕಡತ ಇದ್ದವರು ಎಡಗಡೆಯ ಅಂಕಣದ ತಲೆಯ ಮೇಲೆ ಯಾವ ಪದ ಬರೆದಿದೆ ಎಂದು ಒಮ್ಮೆ ತೆರೆದು ನೋಡಿ ತಿಳಿಸಿದರೆ ದೊಡ್ಡ ಉಪಕಾರ.